ಒಂದು ಪದ ಬದಲಿಸಲಾರದ ಚಕ್ರವರ್ತಿ

1437ರ ಶರತ್ಕಾಲ. ಕಾನ್‌ಸ್ಟಾಂಟಿನೋಪಲ್‌ನ ಬಂದರಿಗೆ ಪಶ್ಚಿಮದಿಂದ ಹಡಗುಗಳ ತಂಡವೊಂದು ಬಂದು ಲಂಗರು ಹಾಕುತ್ತದೆ. ಕಳಿಸಿದವನು ಪೋಪ್ ನಾಲ್ಕನೆಯ ಯೂಜೀನಿಯಸ್. ಕೆಲವೇ ವಾರಗಳಲ್ಲಿ ಇನ್ನೊಂದು ತಂಡ! ಇದನ್ನು ಕಳಿಸಿದವರು ಬಾಸೆಲ್ ನಗರದಲ್ಲಿ ಕೂತು, ಪೋಪ್‌ಗಿಂತ ಮಹಾಸಭೆಯೇ ದೊಡ್ಡದು ಎಂದು ಅದೇ ಪೋಪ್ ಎದುರು ತೊಡೆ ತಟ್ಟಿದ್ದ ಪಶ್ಚಿಮದ ಧರ್ಮಗುರುಗಳು. ಎರಡೂ ತಂಡ ಬಂದದ್ದು ಒಂದೇ ಕೆಲಸಕ್ಕೆ: ರೋಮನ್ ಚಕ್ರವರ್ತಿಯನ್ನು ಹತ್ತಿಸಿಕೊಂಡು ತಮ್ಮ ಸಭೆಗೆ ಕರೆದೊಯ್ಯಬೇಕು. ಪೋಪ್ ಕಡೆಯ ನೌಕಾಧಿಪತಿ ಎದುರಾಳಿ ಹಡಗುಗಳ ಮೇಲೆ ಅಲ್ಲೇ ಬೀಳಲು ತಯಾರಾಗಿದ್ದ. ಕ್ರೈಸ್ತರ ಒಗ್ಗಟ್ಟಿಗಾಗಿ ಬಂದ ಎರಡು ಕ್ರೈಸ್ತ ತಂಡಗಳು ಹೊಡೆದಾಡದಂತೆ ಚಕ್ರವರ್ತಿಯೇ ನಡುವೆ ಬಂದು ತಡೆಯಬೇಕಾಯಿತು!

ಯಾರು ಈ ರೋಮನ್ ಚಕ್ರವರ್ತಿ? ಎಂಟನೆಯ ಜಾನ್ ಪಾಲಿಯೊಲೊಗಸ್. ನಾವು ಬೈಜಾಂಟೈನ್ ಎಂದು ಕರೆಯುವ ಆ ಗ್ರೀಕ್ ಭಾಷಿಕರು ತಮ್ಮನ್ನು ಕೊನೆಯ ದಿನದವರೆಗೂ ರೋಮನ್ನರೆಂದೇ ಕರೆದುಕೊಂಡರು. ಒಂದು ಕಾಲಕ್ಕೆ ಸ್ಪೇನ್‌ನಿಂದ ಸಿರಿಯಾವರೆಗೆ ಚಾಚಿದ್ದ ಸಾಮ್ರಾಜ್ಯದಲ್ಲಿ ಈಗ ಉಳಿದದ್ದು ಕೋಟೆಯೊಳಗಿನ ರಾಜಧಾನಿ, ಗ್ರೀಸ್‌ನ ದಕ್ಷಿಣ ತುದಿಯಲ್ಲಿ ಒಂದಿಷ್ಟು ನೆಲ, ಅಲ್ಲೊಂದು ಇಲ್ಲೊಂದು ದ್ವೀಪ. ಎರಡನೆಯ ನಗರವಾಗಿದ್ದ ಥೆಸಲೊನಿಕಿ 1430ರಲ್ಲೇ ಒಟ್ಟೋಮನ್ ಸುಲ್ತಾನನ ಕೈಸೇರಿತ್ತು. ಚಕ್ರವರ್ತಿಗೆ ಸೈನ್ಯ ಬೇಕು, ಸೈನ್ಯ ಇರುವುದು ಪಶ್ಚಿಮದಲ್ಲಿ, ಪಶ್ಚಿಮವನ್ನು ಎಬ್ಬಿಸಬಲ್ಲವನು ಪೋಪ್. ಪೋಪ್ ಕೇಳುವ ಬೆಲೆ: ಪೂರ್ವ, ಪಶ್ಚಿಮ ಎಂದು ಒಡೆದ ಎರಡು ಕ್ರೈಸ್ತ ಸಭೆಗಳು ಒಂದಾಗಬೇಕು, ಪೂರ್ವದವರು ರೋಮ್‌ನ ಹಿರಿತನ ಒಪ್ಪಬೇಕು. ಆ ಬೆಲೆಯ ನಟ್ಟನಡುವೆ ಕೂತಿದ್ದು ಒಂದೇ ಒಂದು ಲ್ಯಾಟಿನ್ ಪದ.

ಫಿಲಿಯೋಕ್ವೆ. ‘ಸುತನಿಂದಲೂ’ ಎಂದರ್ಥ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿನಲ್ಲಿ ನಿಂತಿರುವ ವಿಶ್ವಾಸ ಪ್ರಮಾಣದಲ್ಲಿ ಪವಿತ್ರಾತ್ಮ ಪಿತನಿಂದ ಹೊರಡುತ್ತಾನೆ ಎಂದಷ್ಟೇ ಇತ್ತು. ಪಶ್ಚಿಮದಲ್ಲಿ, ಮೊದಲು ಸ್ಪೇನ್ ಕಡೆ, ಯೇಸುವನ್ನು ಪಿತನಿಗಿಂತ ಕಡಿಮೆ ಎನ್ನುತ್ತಿದ್ದ ಪಂಥದ ಬಾಯಿ ಮುಚ್ಚಿಸಲು ‘ಸುತನಿಂದಲೂ’ ಸೇರಿಕೊಂಡಿತು. ಫ್ರಾಂಕರ ದೊರೆ ಶಾರ್ಲಮೇನ್‌ನ ಆಸ್ಥಾನದವರು ಅದನ್ನು ಎತ್ತಿ ಹಿಡಿದರು. ಮಜಾ ನೋಡಿ, ರೋಮ್ ಮಾತ್ರ ಮೊದಲು ಒಪ್ಪಲಿಲ್ಲ! ಆ ಪದದ ಅರ್ಥ ಸರಿಯೆಂದರೂ ಹಳೆಯ ಪಾಠಕ್ಕೆ ಸೇರಿಸಕೂಡದು ಎಂದ ಪೋಪ್ ಮೂರನೆಯ ಲಿಯೋ, ಆ ಪದವಿಲ್ಲದ ಪಾಠವನ್ನೇ ಬೆಳ್ಳಿಯ ಫಲಕಗಳಲ್ಲಿ ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಕೊರೆಸಿ ರೋಮ್‌ನಲ್ಲಿ ನಿಲ್ಲಿಸಿದ. ಅದು 9ನೆಯ ಶತಮಾನದ ಆರಂಭ. ಎರಡು ಶತಮಾನ ಕಳೆಯುವಷ್ಟರಲ್ಲಿ ರೋಮ್ ಕೂಡ ಆ ಪದ ಹಾಡುತ್ತಿತ್ತು.

ದೇವರೊಳಗಿನ ಸಂಬಂಧದ ಬಗ್ಗೆ ಇಷ್ಟು ಕೂದಲು ಸೀಳುವುದೇಕೆ ಎಂದು ನಮಗೆ ಅನ್ನಿಸಬಹುದು. ದ್ವೈತ, ಅದ್ವೈತಗಳಿಗಾಗಿ ಶತಮಾನಗಟ್ಟಲೆ ವಾದಿಸಿದ ನಾಡಿನವರು ಹಾಗೆ ಕೇಳುವಂತಿಲ್ಲ, ಬಿಡಿ. ನನ್ನನ್ನು ಬೆರಗಿಗೆ ತಳ್ಳಿದ್ದು ಬೇರೆಯೇ ಸಂಗತಿ. ಭೂಮಿಯ ಮೇಲೆ ದೇವರ ಪ್ರತಿಬಿಂಬ ಎನ್ನಿಸಿಕೊಂಡ ಚಕ್ರವರ್ತಿ, ಜೀವ ಹೋಗುವ ಹೊತ್ತಿನಲ್ಲೂ, ಈ ಒಂದು ಪದವನ್ನು ತನ್ನ ಪ್ರಜೆಗಳ ಬಾಯಲ್ಲಿ ಇಡಲಾರದೇ ಹೋದನಲ್ಲ!

ಬೈಜಾಂಟೈನ್ ರಾಜಕೀಯ ಚಿಂತನೆ ಎಂದರೆ ಚಕ್ರವರ್ತಿ ಹೇಳಿದ್ದೇ ಧರ್ಮ ಎಂದು ಬಹಳ ಪುಸ್ತಕಗಳು ಸಾರಿಬಿಟ್ಟಿವೆ. ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ. 336ರಲ್ಲಿ ಕಾನ್‌ಸ್ಟಾಂಟೈನ್‌ನ ಆಳ್ವಿಕೆಗೆ ಮೂವತ್ತು ವರ್ಷ ತುಂಬಿದ ಸಂಭ್ರಮದಲ್ಲಿ ಭಾಷಣ ಮಾಡಿದ ಬಿಷಪ್ ಯುಸೇಬಿಯಸ್, ಮೇಲೆ ಒಬ್ಬ ದೇವರು, ಕೆಳಗೆ ಒಬ್ಬ ಚಕ್ರವರ್ತಿ, ಇದು ಅದರ ನಕಲು ಎಂಬ ಚಿತ್ರ ಬರೆದುಕೊಟ್ಟ. ಸಾವಿರ ವರ್ಷ ಅದೇ ಚಿತ್ರ ನಡೆಯಿತು. 535ರಲ್ಲಿ ಜಸ್ಟಿನಿಯನ್ ಹೊರಡಿಸಿದ ಕಾನೂನೊಂದರ ಪೀಠಿಕೆ ಗುರುಪೀಠ, ಸಿಂಹಾಸನ ಎರಡೂ ಒಂದೇ ದೈವೀ ಮೂಲದಿಂದ ಬಂದ ಎರಡು ವರಗಳು, ಅವು ಹೊಂದಿ ನಡೆದರೆ ಲೋಕಕ್ಕೆ ಒಳಿತು ಎನ್ನುತ್ತದೆ. ಮಹಾಸಭೆ ಕರೆಯುವವನು ಚಕ್ರವರ್ತಿ. ಒಲ್ಲದ ಪೇಟ್ರಿಯಾರ್ಕನನ್ನು, ಅಂದರೆ ಪೂರ್ವ ಸಭೆಯ ಮಹಾಗುರುವನ್ನು, ಇಳಿಸುವವನೂ ಅವನೇ.

ಆದರೆ ಆ ಚಿತ್ರದ ಅಂಚಿನಲ್ಲಿ ಬಿರುಕುಗಳಿವೆ, ಅವು ಎಂಥ ಬಿರುಕುಗಳು! 491ರಲ್ಲಿ ಅನಸ್ತಾಸಿಯಸ್‌ನ ತಲೆಗೆ ಕಿರೀಟ ಇಡುವ ಮೊದಲು ಪೇಟ್ರಿಯಾರ್ಕ್ ಯುಫೀಮಿಯಸ್ ಪಟ್ಟು ಹಿಡಿದ: ಸಭೆಯ ನಂಬಿಕೆಯನ್ನು ಮೀರುವುದಿಲ್ಲ ಎಂದು ಬರೆದು ಸಹಿ ಹಾಕು, ಆಮೇಲೆ ಕಿರೀಟ. ಲೋಕದೊಡೆಯನಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು! ಆ ಕಾಗದವನ್ನು ಸಭೆಯ ಕೈಯಿಂದ ಹಿಂದಕ್ಕೆ ಪಡೆಯಲು ಅನಸ್ತಾಸಿಯಸ್ ಆಮೇಲೆ ಇನ್ನಿಲ್ಲದಂತೆ ಒದ್ದಾಡಿದ. 655ರಲ್ಲಿ ಮ್ಯಾಕ್ಸಿಮಸ್ ಎಂಬ ಮುದಿ ಸನ್ಯಾಸಿಯನ್ನು ವಿಚಾರಣೆಗೆ ಎಳೆತಂದು ಕೇಳಿದರು, ಕ್ರೈಸ್ತ ಚಕ್ರವರ್ತಿ ಗುರುವೂ ಹೌದಲ್ಲವೇ? ಅಲ್ಲ ಎಂದ, ಅವನು ಪೀಠದ ಮುಂದೆ ನಿಂತು ಪೂಜೆ ಮಾಡುವುದಿಲ್ಲ, ದೀಕ್ಷಾಸ್ನಾನ ಕೊಡುವುದಿಲ್ಲ ಎಂದು ಕಾರಣವನ್ನೂ ಕೊಟ್ಟ. 662ರಲ್ಲಿ ಅವನ ನಾಲಿಗೆ, ಬಲಗೈ ಕತ್ತರಿಸಿ ಕಪ್ಪು ಸಮುದ್ರದ ಆಚೆ ಗಡೀಪಾರು ಮಾಡಿದರು, ಅಲ್ಲೇ ಸತ್ತ. ಇಪ್ಪತ್ತು ವರ್ಷ ತುಂಬುವ ಮೊದಲೇ, ಚಕ್ರವರ್ತಿಯೇ ಕರೆದ ಆರನೆಯ ಮಹಾಸಭೆ ಮ್ಯಾಕ್ಸಿಮಸ್ ಯಾವ ಬೋಧೆಗಾಗಿ ನಾಲಿಗೆ ಕಳೆದುಕೊಂಡನೋ ಅದನ್ನೇ ಸರಿಯೆಂದಿತು.

ಇನ್ನೂ ಹತ್ತಿರದ ಎಚ್ಚರಿಕೆ ಜಾನ್‌ನ ಸ್ವಂತ ವಂಶದಲ್ಲೇ ಇತ್ತು. ಪಾಲಿಯೊಲೊಗಸ್ ವಂಶದ ಮೊದಲ ಚಕ್ರವರ್ತಿ ಎಂಟನೆಯ ಮೈಕೇಲ್. 1204ರಲ್ಲಿ ಪಶ್ಚಿಮದ ಶಿಲುಬೆಯ ಯೋಧರು ಸೂರೆ ಮಾಡಿ ಕಿತ್ತುಕೊಂಡಿದ್ದ ರಾಜಧಾನಿಯನ್ನು 1261ರಲ್ಲಿ ಮರಳಿ ಗೆದ್ದ ವೀರ. ಮತ್ತೆ ಪಶ್ಚಿಮದವರು ಮೇಲೆರಗದಿರಲಿ ಎಂದು 1274ರಲ್ಲಿ ಲಿಯೋನ್ ನಗರದ ಸಭೆಯಲ್ಲಿ ರೋಮ್ ಜೊತೆ ಐಕ್ಯ ಮಾಡಿಕೊಂಡ, ವಿರೋಧಿಸಿದವರನ್ನು ಸೆರೆಗೆ ತಳ್ಳಿದ. ಅವನ ಅಕ್ಕನೇ ಅವನಿಗೆ ತಿರುಗಿಬಿದ್ದಳು. ಅತ್ತ ಪೋಪ್‌ಗೂ ತೃಪ್ತಿಯಿಲ್ಲ, 1281ರಲ್ಲಿ ಬಹಿಷ್ಕಾರ ಬಂತು. ಮರುವರ್ಷ ಸತ್ತಾಗ ಅವನದೇ ಸಭೆ ಅಂತ್ಯಸಂಸ್ಕಾರಕ್ಕೂ ಒಪ್ಪಲಿಲ್ಲ. ನಗರವನ್ನೇ ಗೆದ್ದುಕೊಟ್ಟವನಿಗೆ ಮಂತ್ರವಿಲ್ಲದ ಮಣ್ಣು!

ಇದೆಲ್ಲ ಗೊತ್ತಿದ್ದ ಜಾಣನೊಬ್ಬನಿದ್ದ: ಜಾನ್‌ನ ಅಪ್ಪ, ಎರಡನೆಯ ಮ್ಯಾನುಯೆಲ್. ನೆರವು ಕೇಳುತ್ತ ಪ್ಯಾರಿಸ್, ಲಂಡನ್‌ವರೆಗೂ ಹೋಗಿ ಬಂದಿದ್ದವನು. ಆಸ್ಥಾನದ ಅಧಿಕಾರಿ ಸ್ಫ್ರಾಂಟ್ಜಸ್ ದಾಖಲಿಸುವ ಪ್ರಕಾರ ಅವನು ಮಗನಿಗೆ ಹೇಳಿದ್ದು ಇಷ್ಟು: ಪಶ್ಚಿಮದವರೊಂದಿಗೆ ಐಕ್ಯದ ಮಾತು ಆಡುತ್ತಲೇ ಇರು, ತುರ್ಕರು ಹೆದರುವುದು ಅದಕ್ಕೇ, ಆದರೆ ಮಾಡಲು ಮಾತ್ರ ಹೋಗಬೇಡ, ನಮ್ಮವರು ಒಪ್ಪುವುದಿಲ್ಲ, ಒಡಕು ಇನ್ನೂ ದೊಡ್ಡದಾಗುತ್ತದೆ. ಮಗ ತುಟಿ ಬಿಚ್ಚದೆ ಎದ್ದು ಹೋದ. ಈ ಹೊತ್ತಿಗೆ ಬೇಕಾದದ್ದು ಸಾಮ್ರಾಟನಲ್ಲ, ಮನೆವಾರ್ತೆ ನೋಡಿಕೊಳ್ಳುವ ಪಾರುಪತ್ಯಗಾರ ಎಂದು ಮುದುಕ ಬೇಸರಪಟ್ಟನಂತೆ. ಎಂಥ ಮಾತು! ಸಾವಿರ ವರ್ಷದ ಸಿದ್ಧಾಂತವನ್ನು ಹೊತ್ತ ಚಕ್ರವರ್ತಿಯ ಬಾಯಿಂದಲೇ ಬಂದ ಮಾತು.

ಮಗ ಹಡಗು ಹತ್ತಿದ. ಪೋಪ್ ಕಳಿಸಿದ ಹಡಗು. ಜೊತೆಗೆ ಸುಮಾರು ಏಳುನೂರು ಜನ. ಎಂಬತ್ತರ ಆಸುಪಾಸಿನ, ಕಾಯಿಲೆಯ ಪೇಟ್ರಿಯಾರ್ಕ್ ಎರಡನೆಯ ಜೋಸೆಫ್ ಕೂಡ. ಅವರಲ್ಲೊಬ್ಬ ಸಿಲ್ವೆಸ್ಟರ್ ಸಿರೊಪೌಲೊಸ್, ಪೇಟ್ರಿಯಾರ್ಕನ ಕಚೇರಿಯ ಅಧಿಕಾರಿ. ಕೊನೆಗೆ ಐಕ್ಯಕ್ಕೆ ಸಹಿ ಹಾಕಿ, ಊರಿಗೆ ಬಂದು ಪಶ್ಚಾತ್ತಾಪಪಟ್ಟು, ನೆನಪುಗಳನ್ನೆಲ್ಲ ಬರೆದಿಟ್ಟವನು ಅವನೇ. ಪಕ್ಷಪಾತಿ ಹೌದು, ಚಾಡಿಯೂ ಸ್ವಲ್ಪ ಜಾಸ್ತಿ. ಆದರೆ ಅವನ ಕಣ್ಣಿಗೆ ಬೀಳದ್ದು ಯಾವುದಿದೆ? 1438ರ ಫೆಬ್ರವರಿಯಲ್ಲಿ ವೆನಿಸ್‌ನ ಸಂತ ಮಾರ್ಕನ ಮಂದಿರದೊಳಗೆ ಗ್ರೀಕರನ್ನು ಕರೆದೊಯ್ದು ಚಿನ್ನದ ಮಹಾಫಲಕವನ್ನು ತೋರಿಸುತ್ತಾರೆ. ನಿಮ್ಮ ಮಹಾಮಂದಿರ ಹಗಿಯಾ ಸೋಫಿಯಾದಿಂದ ತಂದದ್ದು ಎನ್ನುತ್ತಾರೆ. ಗ್ರೀಕರು ಹತ್ತಿರ ಹೋಗಿ ಅಕ್ಷರ ಓದುತ್ತಾರೆ, ಚಿತ್ರ ನೋಡುತ್ತಾರೆ. ಇದು ಹಗಿಯಾ ಸೋಫಿಯಾದ್ದಲ್ಲ, ನಮ್ಮ ಪಾಂಟೊಕ್ರೇಟರ್ ಮಠದ್ದು! ತಮ್ಮ ಮನೆಯಿಂದ ಕದ್ದ ಒಡವೆಯನ್ನು ಕದ್ದವರ ಮನೆಯಲ್ಲೇ ನಿಂತು ಗುರುತು ಹಿಡಿಯುವುದು, ಅದೂ ಅವರ ಕೈಹಿಡಿದು ಒಂದಾಗಲು ಬಂದ ಹೊತ್ತಿನಲ್ಲಿ.

ಸಭೆ ಸೇರಿದ್ದು ಫೆರಾರಾದಲ್ಲಿ. ಶುರುವಿಗೂ ಮೊದಲೇ ಜಗಳ: ಪೇಟ್ರಿಯಾರ್ಕ್ ಪೋಪ್‌ನ ಪಾದ ಮುತ್ತಿಡಬೇಕಂತೆ. ಜೋಸೆಫ್ ಹೇಳಿಕಳಿಸಿದ, ಪೋಪ್ ನನಗಿಂತ ಹಿರಿಯನಾದರೆ ತಂದೆಯೆನ್ನುತ್ತೇನೆ, ಓರಗೆಯವನಾದರೆ ಅಣ್ಣತಮ್ಮ, ಕಿರಿಯನಾದರೆ ಮಗ; ಪಾದದ ಮಾತೆತ್ತಿದರೆ ಹಡಗಿನಿಂದಲೇ ವಾಪಸ್. ಪೋಪ್ ಮಣಿದ, ಆದರೆ ಯಾರೂ ನೋಡದಂತೆ ಒಳಕೋಣೆಯಲ್ಲಿ ಬರಮಾಡಿಕೊಂಡ. ಆಸನಗಳಿಗೆ ಮತ್ತೆ ಚೌಕಾಸಿ. ದೇವಾಲಯದ ಒಂದು ಬದಿಗೆ ಲ್ಯಾಟಿನರು, ಎದುರು ಬದಿಗೆ ಗ್ರೀಕರು. ಲ್ಯಾಟಿನ್ ಬದಿಯಲ್ಲಿ ಪೋಪ್‌ನ ಪೀಠದ ಕೆಳಗೊಂದು ಖಾಲಿ ಸಿಂಹಾಸನ! ಅದು ಪಶ್ಚಿಮದ ‘ರೋಮನ್ ಚಕ್ರವರ್ತಿ’ಯದು, ಆ ಸಿಗಿಸ್ಮಂಡ್ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದ. ಅದರ ಸರಿಯೆದುರಿಗೆ ಜಾನ್. ಭೂಮಿಗೆ ಒಬ್ಬನೇ ಚಕ್ರವರ್ತಿ ಎಂದ ಯುಸೇಬಿಯಸ್ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ.

ಪಶ್ಚಿಮದ ದೊರೆಗಳು ಬರಲಿ ಎಂದು ತಿಂಗಳುಗಟ್ಟಲೆ ಕಾದರು. ಯಾರೂ ಬರಲಿಲ್ಲ. ಸತ್ತವರ ಆತ್ಮಗಳನ್ನು ಶುದ್ಧ ಮಾಡುವ ಬೆಂಕಿ ಇದೆಯೋ ಇಲ್ಲವೋ ಎಂದು ಬೇಸಗೆಯಲ್ಲಿ ಚರ್ಚೆ, ಹೊರಗೆ ಪ್ಲೇಗ್. ಪೋಪ್ ಕೊಡಬೇಕಾದ ಭತ್ಯೆ, ಚಕ್ರವರ್ತಿಗೆ ತಿಂಗಳಿಗೆ 30 ಫ್ಲಾರಿನ್, ಪೇಟ್ರಿಯಾರ್ಕನಿಗೆ 25, ಬಾಕಿ ಬೀಳತೊಡಗಿತು. ಹಸಿದ ಪಂಡಿತರನ್ನು ಒಪ್ಪಿಸುವುದು ಸುಲಭ ಎಂದೇ ತಡೆಹಿಡಿದರು ಎಂದು ಸಿರೊಪೌಲೊಸ್‌ಗೆ ಗುಮಾನಿ. ಚಕ್ರವರ್ತಿಯೋ, ಬೇಟೆಯಲ್ಲಿ ಮುಳುಗಿಹೋದ. ನಮ್ಮ ಕಾಡು ಬರಿದಾಗುತ್ತಿದೆ, ಸ್ವಲ್ಪ ತಡೆಯಿರಿ ಎಂದು ಫೆರಾರಾದ ದೊರೆ ಬೇಡಿಕೊಳ್ಳುವ ಮಟ್ಟಿಗೆ. ಚೂಪು ಅಂಚಿನ ಎತ್ತರದ ಟೋಪಿ, ಸಣ್ಣ ಗಡ್ಡ. ಅವನನ್ನು ಕಂಡ ಚಿತ್ರಕಾರ ಪಿಸನೆಲ್ಲೊ ಮಾಡಿದ ಕಂಚಿನ ಪದಕವನ್ನು ಆ ಯುಗದ ಮುಖಪದಕಗಳಲ್ಲೇ ಮೊದಲನೆಯದೆಂದು ಎಣಿಸುತ್ತಾರೆ. ಸಾಮ್ರಾಜ್ಯ ಮುಳುಗುತ್ತಿದೆ, ಇಟಲಿಯಲ್ಲಿ ಹೊಸ ಕಲೆಯೊಂದು ಅದೇ ಮುಖ ಹೊತ್ತು ಹುಟ್ಟುತ್ತಿದೆ!

1439ರ ಆರಂಭಕ್ಕೆ ಸಭೆ ಫ್ಲಾರೆನ್ಸ್‌ಗೆ ಎದ್ದುಹೋಯಿತು. ಖರ್ಚು ವಹಿಸಲು ಆ ನಗರ ಮುಂದೆ ಬಂದಿತ್ತು, ಹಿಂದೆ ಕೋಸಿಮೊ ಮೆಡಿಚಿಯ ಹಣದ ಚೀಲವಿತ್ತು. ಅಲ್ಲಿನ ಮಹಾಮಂದಿರದ ಮೇಲೆ ಬ್ರುನೆಲೆಸ್ಕಿಯ ದೊಡ್ಡ ಗುಮ್ಮಟ ಮುಗಿದು ಆಗಿನ್ನೂ ಮೂರು ವರ್ಷ. ಇಲ್ಲಿಂದ ಮುಂದಿನದು ನನ್ನ ಮಟ್ಟಿಗೆ ಮಧ್ಯಯುಗದ ಅತ್ಯಂತ ರೋಚಕ ಪತ್ತೇದಾರಿ. ಒಂದು ಕಡೆ ಎಫೆಸಸ್‌ನ ಧರ್ಮಾಧ್ಯಕ್ಷ ಮಾರ್ಕ್. ಇನ್ನೊಂದು ಕಡೆ ಡೊಮಿನಿಕನ್ ಪಂಡಿತ ಮಾಂಟೆನೆರೊದ ಜಾನ್. ನಡುವೆ ಗ್ರೀಕ್, ಲ್ಯಾಟಿನ್ ಎರಡನ್ನೂ ನೀರು ಕುಡಿದ ಹಾಗೆ ಮಾತಾಡುವ ದುಭಾಷಿ ನಿಕೊಲಾಸ್ ಸೆಕುಂಡಿನೊಸ್. ದಿನಗಟ್ಟಲೆ ಜಗಳವಾಡಿದ್ದು 4ನೆಯ ಶತಮಾನದ ಸಂತ ಬಾಸಿಲ್ ಬರೆದ ಗ್ರಂಥವೊಂದರ ಕೆಲವು ಸಾಲುಗಳಿಗೆ. ಲ್ಯಾಟಿನರ ಕೈಯಲ್ಲಿದ್ದ ಪ್ರತಿಯಲ್ಲಿ ಪವಿತ್ರಾತ್ಮನ ಇರವು ಸುತನಿಂದಲೂ ಬಂದದ್ದು ಎಂಬ ಅರ್ಥದ ಸಾಲುಗಳಿವೆ. ಮಾರ್ಕ್ ಹೇಳುತ್ತಾನೆ, ನಮ್ಮೂರಿನ ಎಷ್ಟೋ ಪ್ರತಿಗಳಲ್ಲಿ ಇದಿಲ್ಲ, ಯಾರೋ ಸೇರಿಸಿದ್ದಾರೆ. ಆದರೆ ಆ ಪ್ರತಿ ಬಂದದ್ದು ಎಲ್ಲಿಂದ? ಕಾನ್‌ಸ್ಟಾಂಟಿನೋಪಲ್‌ನಿಂದಲೇ! ಪೋಪ್ ಪರವಾಗಿ ಅಲ್ಲಿಗೆ ಹೋಗಿದ್ದ ಕೂಸಾದ ನಿಕೋಲಸ್ ತಂದದ್ದು. ಊರಿಗೆ ಮರಳಿದ ಮೇಲೆ ಗ್ರೀಕ್ ಧರ್ಮಾಧ್ಯಕ್ಷ ಬೆಸಾರಿಯನ್ ಮಠಮಠಗಳ ಹಳೆಯ ಪ್ರತಿಗಳನ್ನು ತಡಕಿ, ಹಳೆಯವುಗಳಲ್ಲಿ ಆ ಸಾಲು ಇದೆ, ಒಂದರಲ್ಲಂತೂ ಅದನ್ನು ಕೆರೆದು ಅಳಿಸಿದ್ದಾರೆ ಎಂದು ಬರೆದ. ಯಾರು ಸೇರಿಸಿದರು, ಯಾರು ಅಳಿಸಿದರು? ದೇವಶಾಸ್ತ್ರ ಹೋಗಿ ಗ್ರಂಥಸಂಪಾದನೆ ಬಂತು!

ಇದಕ್ಕೂ ಮೊದಲು ಫೆರಾರಾದಲ್ಲಿ ಒಮ್ಮೆ ಲ್ಯಾಟಿನರು 787ರ ಮಹಾಸಭೆಯ ನಡಾವಳಿಯ ಹಳೆಯ ಪ್ರತಿ ತಂದು ತೋರಿಸಿದರು, ನೋಡಿ, ಆಗಲೇ ‘ಸುತನಿಂದಲೂ’ ಇದೆ. ಆಗ ಎದ್ದವನು ಗೆಮಿಸ್ಟೊಸ್ ಪ್ಲೆಥಾನ್, ಎಂಬತ್ತರ ಹತ್ತಿರದ ತತ್ವಜ್ಞಾನಿ: ಇದು ನಿಜವಾಗಿದ್ದರೆ ನಿಮ್ಮ ಥಾಮಸ್ ಅಕ್ವಿನಾಸ್ ಇಷ್ಟೊಂದು ವಾದ ಹೆಣೆಯುವ ಕಷ್ಟವೇಕೆ ಪಟ್ಟ, ಇದನ್ನೇ ಎತ್ತಿ ಹೇಳಬಹುದಿತ್ತಲ್ಲ? ಈ ಪ್ಲೆಥಾನ್ ಯಾರು ಗೊತ್ತೇ? ಕ್ರೈಸ್ತರ ಅತಿದೊಡ್ಡ ಸಭೆಯಲ್ಲಿ ಕೂತು, ಮನಸ್ಸಿನಲ್ಲಿ ಜ್ಯೂಸ್ ಮೊದಲಾದ ಹಳೆಯ ಗ್ರೀಕ್ ದೇವತೆಗಳನ್ನು ಮರಳಿ ತರುವ ಗ್ರಂಥ ಹೆಣೆಯುತ್ತಿದ್ದವನು! ಸಭೆಯ ಬಿಡುವಿನಲ್ಲಿ ಅವನು ಪ್ಲೇಟೋ ಬಗ್ಗೆ ಮಾತಾಡಿದ್ದನ್ನು ಕೇಳಿಯೇ ಕೋಸಿಮೊ ಮೆಡಿಚಿಗೆ ಪ್ಲೇಟೋ ಅಕಾಡೆಮಿಯ ಕನಸು ಹುಟ್ಟಿತು ಎಂದು ಮುಂದೆ ತತ್ವಜ್ಞಾನಿ ಫಿಚಿನೊ ಬರೆಯುತ್ತಾನೆ.

ಬಿಕ್ಕಟ್ಟು ಸಡಿಲಿಸಿದ ವಾದ ಬೆಸಾರಿಯನ್ ಮತ್ತು ಕೀವ್‌ನ ಇಸಿಡೋರ್ ಅವರದು. ಅದರ ಸರಳತೆಗೆ ನಾನು ಇವತ್ತಿಗೂ ತಲೆದೂಗುತ್ತೇನೆ. ಗ್ರೀಕ್ ಸಂತರು ‘ಸುತನ ಮೂಲಕ’ ಎಂದಿದ್ದಾರೆ, ಲ್ಯಾಟಿನ್ ಸಂತರು ‘ಸುತನಿಂದಲೂ’ ಎಂದಿದ್ದಾರೆ. ಎಲ್ಲ ಸಂತರೊಳಗೂ ಮಾತಾಡಿದ್ದು ಒಂದೇ ಪವಿತ್ರಾತ್ಮ. ಆತ್ಮ ತನ್ನ ವಿರುದ್ಧ ತಾನೇ ಮಾತಾಡಲಾರ. ಹಾಗಾದರೆ ಎರಡರ ಅರ್ಥವೂ ಒಂದೇ! ಮಾರ್ಕ್ ಜಗ್ಗಲಿಲ್ಲ: ಸಂತರು ತಪ್ಪಿರಲಿಕ್ಕಿಲ್ಲ, ನಿಮ್ಮ ಲ್ಯಾಟಿನ್ ಪ್ರತಿಗಳು ತಪ್ಪಿರಬಹುದಲ್ಲ.

ಜೂನ್ 10ರಂದು ಮುದಿ ಜೋಸೆಫ್ ಫ್ಲಾರೆನ್ಸ್‌ನಲ್ಲೇ ಕಣ್ಣುಮುಚ್ಚಿದ. ಸಾಂತಾ ಮಾರಿಯಾ ನೊವೆಲ್ಲಾ ಎಂಬ ಡೊಮಿನಿಕನ್ ಮಂದಿರದಲ್ಲಿ ಈಗಲೂ ಅವನ ಸಮಾಧಿಯಿದೆ. ಜುಲೈ 6ರಂದು ಗುಮ್ಮಟದ ಕೆಳಗೆ ಐಕ್ಯದ ಘೋಷಣೆ ಓದಿದರು, ಲ್ಯಾಟಿನ್‌ನಲ್ಲಿ ಕಾರ್ಡಿನಲ್ ಚೆಸಾರಿನಿ, ಗ್ರೀಕ್‌ನಲ್ಲಿ ಬೆಸಾರಿಯನ್. ಎರಡು ಭಾಷೆ ಪಕ್ಕಪಕ್ಕ, ಚಕ್ರವರ್ತಿಯ ಸಹಿ ಕೆಂಪು ಶಾಯಿಯಲ್ಲಿ. ಮಾರ್ಕ್ ಮಾತ್ರ ಸಹಿ ಹಾಕಲಿಲ್ಲ. ಅದನ್ನು ಕೇಳಿದ ಪೋಪ್, ಹಾಗಾದರೆ ನಾವು ಏನೂ ಸಾಧಿಸಿಲ್ಲ ಎಂದನಂತೆ. ಒಬ್ಬನೇ ಒಬ್ಬನ ಸಹಿ ಇಲ್ಲದ್ದಕ್ಕೆ!

ಪೋಪ್ ಊಹೆ ಸುಳ್ಳಾಗಲಿಲ್ಲ. 1440ರ ಫೆಬ್ರವರಿಯಲ್ಲಿ ಹಡಗಿನಿಂದ ಇಳಿದ ಧರ್ಮಾಧ್ಯಕ್ಷರನ್ನು ಜನ ಮುತ್ತಿಕೊಂಡು, ಏನಾಯಿತು, ಗೆದ್ದಿರಾ ಎಂದು ಕೇಳಿದಾಗ, ನಂಬಿಕೆಯನ್ನು ಮಾರಿ ಬಂದೆವು ಎಂದು ಅವರೇ ಗೋಳಾಡಿದರೆಂದು ಚರಿತ್ರಕಾರ ಡೂಕಸ್ ಬರೆಯುತ್ತಾನೆ. ಚಕ್ರವರ್ತಿಗೆ ಕಾದಿದ್ದು ಹೆಂಡತಿ ಮಾರಿಯಾಳ ಸಾವಿನ ಸುದ್ದಿ. ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಗಂಟಲಲ್ಲಿ ಬಿಸಿತುಪ್ಪ: ಐಕ್ಯವನ್ನು ಉಗುಳಿದರೆ ಪಶ್ಚಿಮದ ಸೈನ್ಯವಿಲ್ಲ, ನುಂಗಿದರೆ ಊರೇ ಇಲ್ಲ. 1448ರಲ್ಲಿ ಸಾಯುವವರೆಗೂ ತಾನೇ ಸಹಿ ಹಾಕಿದ ಆ ಪತ್ರವನ್ನು ತನ್ನದೇ ನಗರದ ಮಹಾಮಂದಿರದಲ್ಲಿ ಜಾನ್ ಓದಿಸಲಿಲ್ಲ! ತಡೆದದ್ದು ಯಾವ ಸಂವಿಧಾನ? ಯಾವ ನ್ಯಾಯಾಲಯ? ಯಾವುದೂ ಇಲ್ಲ. ಮಠಗಳ ಸನ್ಯಾಸಿಗಳು, ಬೀದಿಯ ಜನ, ಐಕ್ಯ ಒಪ್ಪಿದ ಗುರುವಿನ ಪೂಜೆಗೆ ಹೋಗಲ್ಲ ಎಂದವರು. ಬೈಜಾಂಟೈನ್ ಚಕ್ರವರ್ತಿ ನಿರಂಕುಶ ಎಂದು ಓದಿಕೊಂಡು ಬಂದವರು ಈ ಎಂಟು ವರ್ಷದ ಮೌನವನ್ನು ಎಲ್ಲಿ ಇಡುತ್ತಾರೋ ನನಗೆ ತಿಳಿಯದು. ಕಾನೂನು, ತೆರಿಗೆ, ಸೈನ್ಯ, ಬಿಷಪ್‌ಗಳ ನೇಮಕ ಎಲ್ಲ ಅವನ ಕೈಯಲ್ಲಿ. ನಂಬಿಕೆಯ ಪಾಠ ಮಾತ್ರ ಯಾರ ಕೈಯಲ್ಲೂ ಇಲ್ಲ, ಹಾಗಾಗಿ ಎಲ್ಲರ ಕೈಯಲ್ಲೂ ಇದೆ.

ಸೈನ್ಯವೇನೋ ಒಂದು ಹೊರಟಿತು. 1444ರ ನವೆಂಬರ್‌ನಲ್ಲಿ ವಾರ್ನಾದಲ್ಲಿ ಒಟ್ಟೋಮನ್ನರು ಅದನ್ನು ಒರೆಸಿಹಾಕಿದರು. ಫ್ಲಾರೆನ್ಸ್‌ನಲ್ಲಿ ಐಕ್ಯ ಪತ್ರ ಓದಿದ ಚೆಸಾರಿನಿಯೂ ಅಲ್ಲೇ ಹೋದ. ಹಗಿಯಾ ಸೋಫಿಯಾದಲ್ಲಿ ಐಕ್ಯದ ಘೋಷಣೆ ಕೊನೆಗೂ ಮೊಳಗಿದ್ದು 1452ರ ಡಿಸೆಂಬರ್ 12ರಂದು, ಜಾನ್‌ನ ತಮ್ಮನ ಕಾಲದಲ್ಲಿ. ಮುಂದಿನ ಮೇ 29ಕ್ಕೆ ನಗರವೇ ಬಿತ್ತು.

ಈ ಕತೆಗೆ ಉತ್ತರದಲ್ಲೊಂದು ಬಾಲವಿದೆ. 1393ರಲ್ಲಿ ಪೇಟ್ರಿಯಾರ್ಕ್ ಆಂಟನಿ ಮಾಸ್ಕೋದ ದೊರೆ ಮೊದಲನೆಯ ವಸಿಲಿಗೆ ಗದರಿಸಿ ಪತ್ರ ಬರೆದಿದ್ದ: ನಮಗೆ ಸಭೆ ಇದೆ, ಚಕ್ರವರ್ತಿ ಇಲ್ಲ ಎನ್ನುತ್ತೀಯಂತೆ, ಚಕ್ರವರ್ತಿಯಿಲ್ಲದೆ ಸಭೆ ಇರಲು ಸಾಧ್ಯವೇ ಇಲ್ಲ. ಸಾಮ್ರಾಜ್ಯ ಅಂಗೈಯಗಲಕ್ಕೆ ಇಳಿದಾಗಲೂ ಆ ದನಿ ನೋಡಿ! 1441ರಲ್ಲಿ ರಷ್ಯದ ಸಭೆಯ ಗುರುವೂ ಆಗಿದ್ದ ಇಸಿಡೋರ್ ಮಾಸ್ಕೋಗೆ ಹೋಗಿ ಫ್ಲಾರೆನ್ಸ್‌ನ ಪತ್ರ ಓದಿದ; ಕೆಲವೇ ದಿನಗಳಲ್ಲಿ ವಸಿಲಿಯ ಮಗ ಎರಡನೆಯ ವಸಿಲಿ ಅವನನ್ನು ಸೆರೆಗೆ ಹಾಕಿದ. 1448ರಲ್ಲಿ ರಷ್ಯದ ಬಿಷಪ್‌ಗಳು ಕಾನ್‌ಸ್ಟಾಂಟಿನೋಪಲ್‌ನ ಒಪ್ಪಿಗೆ ಕೇಳದೆ ತಮ್ಮ ಗುರುವನ್ನು ತಾವೇ ಆರಿಸಿಕೊಂಡರು.

ಇತ್ತ ಕಾರ್ಡಿನಲ್ ಆಗಿ ರೋಮ್‌ನಲ್ಲೇ ನೆಲೆಸಿದ್ದ ಬೆಸಾರಿಯನ್, ಗ್ರೀಕ್ ಜ್ಞಾನ ಅಳಿದುಹೋಗದಿರಲಿ ಎಂದು ಜೀವಮಾನವಿಡೀ ಕೂಡಿಟ್ಟ ಏಳುನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು 1468ರಲ್ಲಿ ವೆನಿಸ್‌ಗೆ ದಾನ ಮಾಡಿದ. ಇನ್ನೂ ಒಂದು ಆಸೆ ಉಳಿದಿತ್ತು. ಜಾನ್‌ನ ಇನ್ನೊಬ್ಬ ತಮ್ಮನ ಮಗಳು ಜೊಯಿ ಅನಾಥಳಾಗಿ ರೋಮ್ ಸೇರಿದ್ದಳು. ಅವಳನ್ನು ಓದಿಸಿ ಬೆಳೆಸಿದವನು ಇವನೇ. ಅವಳನ್ನು ಮಾಸ್ಕೋದ ಮೂರನೆಯ ಇವಾನ್‌ಗೆ ಕೊಟ್ಟರೆ ಅಲ್ಲಿಯಾದರೂ ಐಕ್ಯ ಚಿಗುರೀತು! 1472ರ ನವೆಂಬರ್ 12ಕ್ಕೆ ಮದುವೆಯೇನೋ ಆಯಿತು. ಆರೇ ದಿನಕ್ಕೆ ರವೆನ್ನಾದಲ್ಲಿ ಬೆಸಾರಿಯನ್ ತೀರಿಕೊಂಡ. ಮಾಸ್ಕೋದ ಹೊಸ್ತಿಲಲ್ಲಿ ನಡೆದದ್ದು ಅವನ ಕಿವಿಗೆ ಬೀಳಲು ಸಾಧ್ಯವೇ ಇರಲಿಲ್ಲ. ಮದುಮಗಳ ಮುಂದೆ ಪೋಪ್‌ನ ಪ್ರತಿನಿಧಿ ಲ್ಯಾಟಿನ್ ಶಿಲುಬೆ ಎತ್ತಿ ಹಿಡಿದು ಬರುತ್ತಿದ್ದಾನೆ ಎಂದು ಕೇಳಿದ ಮಾಸ್ಕೋದ ಧರ್ಮಗುರು ಫಿಲಿಪ್ ದೊರೆಗೆ ಹೇಳಿಕಳಿಸಿದನೆಂದು ರಷ್ಯದ ವೃತ್ತಾಂತಗಳು ಹೇಳುತ್ತವೆ: ಆ ಶಿಲುಬೆ ಒಂದು ಬಾಗಿಲಿಂದ ಊರೊಳಗೆ ಬಂದರೆ ನಾನು ಇನ್ನೊಂದು ಬಾಗಿಲಿಂದ ಹೊರಟೆ. ಇವಾನ್ ಆ ಕೂಡಲೇ ಆಳು ಕಳಿಸಿ ಶಿಲುಬೆಯನ್ನು ಇಳಿಸಲು ಹೇಳಿದ.